ಬರೀ ಸಿಹಿ ನೋಡಿ ಬೆರಿ ಗಿಡ ತರಬೇಡಿ: ಉತ್ತರದ ನಾಡುಗಳ ಬೆರಿ ತಳಿಗಳಲ್ಲಿ ಯಾವುದು ಯಾತಕ್ಕೆ?

ಅರೋನಿಯಾ ಅನ್ನುವ ಕಪ್ಪು ಬೆರಿ ಹಣ್ಣಿನ ರಸವನ್ನು ಒಂದು ಹನಿ ತೆಗೆದು, ಸಿಹಿಯ ಲೆಕ್ಕಕ್ಕೆ ಬಳಸುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಹಾಕಿ ನೋಡಿದರೆ 15 ಬ್ರಿಕ್ಸ್ ತೋರಿಸುತ್ತದೆ, ಕೆಲವೊಮ್ಮೆ 18. ಚೆನ್ನಾಗಿ ಮಾಗಿದ ಸ್ಟ್ರಾಬೆರಿ 8ರಿಂದ 10ರ ಆಸುಪಾಸು ಅಷ್ಟೇ. ಲೆಕ್ಕದ ಪ್ರಕಾರ ಅರೋನಿಯಾ ಹೆಚ್ಚುಕಡಿಮೆ ಎರಡು ಪಟ್ಟು ಸಿಹಿ ಇರಬೇಕು, ಅಲ್ವಾ? ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಿ ನೋಡೋಣ. ನಾಲ್ಕು ಹಣ್ಣು ಅಗಿಯುವಷ್ಟರಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಮಿಕ್ಕಿದ್ದನ್ನು ಹಕ್ಕಿಗೆ ಹಾಕುತ್ತೀರಿ.

ಫಿನ್‌ಲ್ಯಾಂಡ್, ಸ್ವೀಡನ್, ಕೆನಡಾ, ಸ್ಕಾಟ್ಲೆಂಡ್ ಕಡೆ ಮನೆ ಮಾಡಿರುವ ನಮ್ಮವರು ಹಿತ್ತಲಲ್ಲಿ ಬೆರಿ ಗಿಡ ಹಾಕೋಣ ಅಂತ ಹೊರಟಾಗ ಮೊದಲು ಕೇಳುವುದೇ "ಯಾವುದು ಜಾಸ್ತಿ ಸಿಹಿ?" ಅಂತ. ಕೇಳಬೇಕಾದ್ದು ಅದಲ್ಲ. ಇನ್ನೊಂದು ತಮಾಷೆ ನೋಡಿ. ಊರಲ್ಲಿ ಮಾವಿನಹಣ್ಣು ತರೋಕೆ ಹೋದರೆ ರಸಪುರಿಯೋ ಬಾದಾಮಿಯೋ ತೋತಾಪುರಿಯೋ ಅಂತ ಹತ್ತು ಸಲ ವಿಚಾರಿಸುವ ನಾವು, ಇಲ್ಲಿ ನರ್ಸರಿಗೆ ಹೋಗಿ "ಒಂದು ಬ್ಲ್ಯಾಕ್‌ಕರಂಟ್ ಗಿಡ ಕೊಡಿ" ಅಂದುಬಿಡುತ್ತೇವೆ. ತಳಿ ಯಾವುದು ಅಂತ ಚೀಟಿ ಕೂಡ ನೋಡುವುದಿಲ್ಲ. ಅಸಲಿಗೆ ಒಂದೇ ಬೆರಿಯ ಎರಡು ತಳಿಗಳ ನಡುವೆ ಎಷ್ಟು ವ್ಯತ್ಯಾಸ ಇರಬಹುದೆಂದರೆ, ಒಂದನ್ನು ಗಿಡದಿಂದಲೇ ಕಿತ್ತು ತಿನ್ನಬಹುದು, ಇನ್ನೊಂದನ್ನು ಸಕ್ಕರೆ ಹಾಕಿ ಕುದಿಸದೆ ಮುಟ್ಟುವ ಹಾಗಿಲ್ಲ.

ಮೊದಲು ನಾಲಿಗೆಯ ಲೆಕ್ಕ

ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿರುವುದೆಲ್ಲದರ ಒಟ್ಟು ಲೆಕ್ಕ. ಸಕ್ಕರೆಯ ಜೊತೆ ಆಮ್ಲವೂ ಅದರಲ್ಲೇ ಸೇರಿಕೊಂಡಿರುತ್ತದೆ. ಬ್ಲ್ಯಾಕ್‌ಕರಂಟ್ 16 ತೋರಿಸಿತು ಅನ್ನಿ, ಅದರಲ್ಲಿ ಸುಮಾರು 3 ಭಾಗ ಬರೀ ಆಮ್ಲ. ಅರೋನಿಯಾದಲ್ಲಿ ಸಾರ್ಬಿಟಾಲ್ ಅನ್ನುವ ಸಕ್ಕರೆಯಂಥ ವಸ್ತು ಸಾಕಷ್ಟಿದೆ. ಅದೂ ಬ್ರಿಕ್ಸ್ ಏರಿಸುತ್ತದೆ, ಆದರೆ ಮಾಮೂಲಿ ಸಕ್ಕರೆಯಷ್ಟು ಸಿಹಿ ಇಲ್ಲ. ಸಕ್ಕರೆಗಳಲ್ಲೂ ಫ್ರಕ್ಟೋಸ್ ಜಾಸ್ತಿ ಸಿಹಿ, ಗ್ಲೂಕೋಸ್ ಕಡಿಮೆ.

ಹಾಗಾಗಿ ಬ್ರಿಕ್ಸನ್ನು ಆಮ್ಲದಿಂದ ಭಾಗಿಸಿ ನೋಡಬೇಕು. ಸ್ಟ್ರಾಬೆರಿಯಲ್ಲಿ ಆಮ್ಲ ಶೇಕಡಾ 1ರ ಆಸುಪಾಸು. 9ನ್ನು 1ರಿಂದ ಭಾಗಿಸಿದರೆ 9. ಬ್ಲ್ಯಾಕ್‌ಕರಂಟಿನಲ್ಲಿ 16ನ್ನು 3ರಿಂದ ಭಾಗಿಸಿದರೆ 5ರ ಸ್ವಲ್ಪ ಮೇಲೆ. ಸಕ್ಕರೆ ಸ್ಟ್ರಾಬೆರಿಗಿಂತ ಜಾಸ್ತಿ ಇದ್ದರೂ ಬಾಯಿಗೆ ಹುಳಿಯೇ ಮುಂದೆ ಬರುವುದು ಇದಕ್ಕೇ. ಮನೆಯಲ್ಲಿ ಪಿಎಚ್ ಕಾಗದ ಅದ್ದಿ ಹುಳಿ ಅಳೆಯಲು ಹೋಗಬೇಡಿ. ಅದು ಆಮ್ಲದ ಒಟ್ಟು ಪ್ರಮಾಣ ಹೇಳುವುದಿಲ್ಲ, ನಾಲಿಗೆಗೆ ಗೊತ್ತಾಗುವ ಹುಳಿ ಆ ಪ್ರಮಾಣದ ಮೇಲೆ ಜಾಸ್ತಿ ನಿಂತಿದೆ.

ಈ ಭಾಗಾಕಾರದಲ್ಲೂ ಸಿಕ್ಕದ ಸಂಗತಿ ಎರಡಿವೆ. ಒಂದು ಒಗರು. ಅರೋನಿಯಾದಲ್ಲಿ ಆಮ್ಲ ಅಂಥ ಜಾಸ್ತಿ ಏನಿಲ್ಲ, ಶೇಕಡಾ 1ರ ಸುತ್ತಮುತ್ತ. ಭಾಗಿಸಿದರೆ ಸ್ಟ್ರಾಬೆರಿಗಿಂತ ಒಳ್ಳೆಯ ಅಂಕಿಯೇ ಬರುತ್ತದೆ. ಆದರೆ ಅದರಲ್ಲಿರುವ ಟ್ಯಾನಿನ್ ಅನ್ನುವ ಒಗರು ಪದಾರ್ಥಗಳು ಎಂಜಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿ ಒಣಗಿಸುತ್ತವೆ. ಸಕ್ಕರೆ ಸುರಿದರೆ ಹುಳಿ ಮುಚ್ಚುತ್ತದೆ, ಒಗರು ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹಾಲು, ಮೊಸರು, ಕೆನೆ ಬೆರೆಸಿದರೆ ಕಡಿಮೆಯಾಗುತ್ತದೆ, ಯಾಕೆಂದರೆ ಆಗ ಟ್ಯಾನಿನ್‌ಗೆ ಹಿಡಿದುಕೊಳ್ಳಲು ಹಾಲಿನ ಪ್ರೋಟೀನ್ ಸಿಗುತ್ತದೆ. ಎರಡನೆಯದು ಘಮ. ಅದನ್ನು ಯಾವ ಮೀಟರೂ ತೋರಿಸುವುದಿಲ್ಲ, ಆದರೆ ಒಂದು ತಳಿ ನಿಮಗೆ ಇಷ್ಟವಾಗುವುದೋ ಇಲ್ಲವೋ ಅನ್ನುವುದು ಅರ್ಧಕ್ಕರ್ಧ ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ಬ್ಲ್ಯಾಕ್‌ಕರಂಟ್

ಇದರ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ. ಕೆಲವರಿಗೆ ಅದು ಹಿತವಾದ ಹಸಿರು ವಾಸನೆ, ಇನ್ನು ಕೆಲವರು "ಥೂ, ಬೆಕ್ಕಿನ ಮೂತ್ರ" ಅಂತ ಮೂಗು ಮುಚ್ಚುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಗಂಧಕ ಇರುವ ಒಂದು ಸಂಯುಕ್ತ ಅತಿ ಸಣ್ಣ ಪ್ರಮಾಣದಲ್ಲಿ ಇದ್ದು ಈ ವಾಸನೆ ಕೊಡುತ್ತದೆ, ಹಣ್ಣಿನಲ್ಲೂ ಅದರ ಎಳೆ ಇರುತ್ತದೆ. ನೀವು ಈ ಎರಡನೇ ಗುಂಪಿನವರಾದರೆ ಮಾಮೂಲಿ ಕಪ್ಪು ತಳಿ ತರುವ ಮೊದಲು ಯೋಚನೆ ಮಾಡಿ.

ಉತ್ತರ ಸ್ವೀಡನ್ನಿನಲ್ಲಿ ಪೀಟಿಯೋ ಹತ್ತಿರ ಓಯೆಬಿನ್ ಅಂತ ಊರಿದೆ, 65 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿನ ಸಂಶೋಧನಾ ಕೇಂದ್ರದಿಂದ ಬಂದ ಓಯೆಬಿನ್ ತಳಿ ಈ ಭಾಗದಲ್ಲಿ ಹಳೇ ನಂಬಿಕಸ್ಥ. ಚಳಿಗೆ ಜಗ್ಗುವುದಿಲ್ಲ, ಹುಳಿ ಇದ್ದರೂ ಕೊರೆಯುವಷ್ಟಿಲ್ಲ, ಘಮ ದಟ್ಟ. ಜ್ಯೂಸ್, ಜಾಮ್, ಫ್ರೀಜರ್ ಎಲ್ಲಕ್ಕೂ ಆಗುತ್ತದೆ. ಗೊಂದಲ ಬೇಡ ಅನ್ನುವವರು ಇದನ್ನೇ ತಂದು ಸುಮ್ನಿರಬಹುದು.

ಸ್ಕಾಟ್ಲೆಂಡಿನ ತಳಿಗಳಲ್ಲಿ ಬಹುಪಾಲು "ಬೆನ್" ಅಂತ ಶುರುವಾಗುತ್ತವೆ, ಅಲ್ಲಿನ ಬೆಟ್ಟಗಳ ಹೆಸರು. ಡಂಡಿ ಹತ್ತಿರದ ಇನ್ವರ್‌ಗೌರಿಯಲ್ಲಿ ಬೆಳೆಸಿದ ಸಾಲು ಇದು, 1975ರ ಬೆನ್ ಲೋಮಂಡ್‌ನಿಂದ ಆರಂಭ. ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಬ್ರಿಟನ್ನಿನಲ್ಲಿ ಬೆಳೆಯುವ ಬ್ಲ್ಯಾಕ್‌ಕರಂಟಿನ ಬಹುಪಾಲು ರೈಬೀನಾ ಪಾನೀಯಕ್ಕೆ ಹೋಗುತ್ತದೆ. ಹಾಗಾಗಿ ಬೆನ್ ಆಲ್ಡರ್, ಬೆನ್ ಟಿರ್ರನ್ ಥರದವು ಜ್ಯೂಸ್ ಕಾರ್ಖಾನೆಯ ಲೆಕ್ಕದಲ್ಲಿ ಚೆನ್ನಾಗಿವೆ: ಬಣ್ಣ ಗಾಢ, ಹುಳಿ ಗಟ್ಟಿ, ಸಕ್ಕರೆ ನೀರಿನಲ್ಲಿ ಬೆರೆಸಿದ ಮೇಲೂ ರುಚಿ ತೆಳ್ಳಗಾಗುವುದಿಲ್ಲ. ಕಿತ್ತು ಹಾಗೇ ತಿನ್ನೋಕೆ ಅವು ಬೇಡ. ತಿನ್ನೋಕೆ ಬೇಕಾದರೆ ಬೆನ್ ಕಾನನ್ ಅಥವಾ ಬಿಗ್ ಬೆನ್ ನೋಡಿ, ಹಣ್ಣು ದಪ್ಪ, ಹುಳಿ ಸ್ವಲ್ಪ ಇಳಿದಿರುತ್ತದೆ. ಪೋಲೆಂಡಿನ ಬೋನಾ ಕೂಡ ಇದೇ ಗುಂಪಿಗೆ ಸೇರಿದ್ದು. ಬ್ರಿಟನ್ನಿನ ನರ್ಸರಿಗಳಲ್ಲಿ "ಅತಿ ಸಿಹಿ" ಅಂತ ಮಾರುವ ಎಬನಿ ಇದೆ, ನಿಜಕ್ಕೂ ಸಿಹಿ. ಆದರೆ ಅಂಥ ತಳಿಯಿಂದ ಜಾಮ್ ಮಾಡಿದರೆ ಸಪ್ಪೆ ಅನ್ನಿಸುತ್ತದೆ. ಜಾಮಿಗೆ ಹೇಗೂ ಹಣ್ಣಿನಷ್ಟೇ ಸಕ್ಕರೆ ಸುರಿಯುತ್ತೀರಿ, ಅದನ್ನು ಎದುರಿಸಿ ನಿಲ್ಲಲು ಹುಳಿ ಬೇಕು. ಜಾಮ್ ಗಟ್ಟಿಯಾಗಲು ಪೆಕ್ಟಿನ್ ಅನ್ನುವ ಹಣ್ಣಿನ ಅಂಟಿನ ಜೊತೆ ಆಮ್ಲವೂ ಬೇಕು. ಹುಳಿ ಬ್ಲ್ಯಾಕ್‌ಕರಂಟಿನಲ್ಲಿ ಎರಡೂ ತಾನಾಗೇ ಇರುತ್ತವೆ, ನಿಂಬೆರಸ, ಪೆಕ್ಟಿನ್ ಪುಡಿ ಯಾವುದೂ ಬೇಕಿಲ್ಲ.

ಇನ್ನು ಬೆಕ್ಕಿನ ವಾಸನೆ ಅನ್ನುವವರಿಗೆ. ಫಿನ್‌ಲ್ಯಾಂಡಿನಲ್ಲಿ ವೆರ್ಟಿ, ವೆನ್ನಿ ಅಂತ ತಳಿಗಳಿವೆ. ಇವು ಬ್ಲ್ಯಾಕ್‌ಕರಂಟೇ, ಆದರೆ ಹಣ್ಣು ಮಾಗಿದರೂ ಹಸಿರು. ಕಪ್ಪು ಬಣ್ಣ ಬರುವುದೇ ಇಲ್ಲ. ಆ ಗಡಸು ವಾಸನೆ ಬಹಳ ಕಡಿಮೆ, ರುಚಿ ಮೆತ್ತಗೆ, ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತಾರೆ. ಹಸಿರು ಎಲೆಯ ನಡುವೆ ಹಸಿರು ಹಣ್ಣು ಇರುವುದರಿಂದ ಹಕ್ಕಿಗಳ ಕಣ್ಣಿಗೂ ಅಷ್ಟು ಬೇಗ ಬೀಳುವುದಿಲ್ಲ. ಮಾಗಿದೆಯೋ ಇಲ್ಲವೋ ನೋಡಿ ಹೇಳುವುದು ನಮಗೂ ಕಷ್ಟ ಅನ್ನಿ. ಒತ್ತಿ ನೋಡಬೇಕು, ಮೆತ್ತಗಾಗಿ ಸಿಪ್ಪೆ ಸ್ವಲ್ಪ ಪಾರದರ್ಶಕವಾಗಿದ್ದರೆ ಕೀಳಬಹುದು. ಇದರ ಜ್ಯೂಸ್ ಮಾತ್ರ ಮಾಡಬೇಡಿ, ಬಣ್ಣವೂ ಇಲ್ಲ, ದಮ್ಮೂ ಇಲ್ಲ.

ರೆಡ್‌ಕರಂಟ್ ಬಗ್ಗೆ ಎರಡೇ ಮಾತು: ಹಳೇ ಕೆಂಪು ಡಚ್ ತಳಿ ಹುಳಿ, ಜೆಲ್ಲಿಗೆ ಅದೇ ಬೇಕು. ತಿನ್ನೋಕೆ ಬಿಳಿ ತಳಿಗಳು ವಾಸಿ, ಹುಳಿ ಸ್ವಲ್ಪ ಕಡಿಮೆ ಅನ್ನಿಸುತ್ತದೆ.

ಸೀ ಬಕ್‌ಥಾರ್ನ್: ಇಲ್ಲಿ ಉಪಜಾತಿಯೇ ಎಲ್ಲ

ಲಡಾಖಿಗೆ ಹೋದವರು ಲೇಹ್ ಬೆರಿ ಅನ್ನುವ ಕಿತ್ತಳೆ ಬಣ್ಣದ ಜ್ಯೂಸ್ ಕುಡಿದಿದ್ದರೆ ಅದು ಇದೇ ಹಣ್ಣಿನದು. ಲಡಾಖ್, ಸ್ಪಿತಿ ಕಡೆ ಕಾಡುಗಿಡ. ಬಾಲ್ಟಿಕ್ ಕಡಲ ತೀರದಲ್ಲೂ ಅಷ್ಟೇ, ಮುಳ್ಳಿನ ಪೊದೆ, ಕೊಂಬೆಗೆ ಅಂಟಿಕೊಂಡ ಹಾಗೆ ಕಿತ್ತಳೆ ಮಣಿಗಳು.

ಈ ಹಣ್ಣಿನಲ್ಲಿ ಸಿಟ್ರಿಕ್ ಆಮ್ಲದ್ದು ಏನೂ ನಡೆಯುವುದಿಲ್ಲ, ಮ್ಯಾಲಿಕ್ ಮತ್ತು ಕ್ವಿನಿಕ್ ಆಮ್ಲಗಳದ್ದೇ ಕಾರುಬಾರು. ಮ್ಯಾಲಿಕ್ ಹುಳಿ ನಿಂಬೆಯ ಹುಳಿಯ ಹಾಗೆ ಚುರುಕ್ ಅಂದು ಇಳಿಯುವುದಿಲ್ಲ, ನಾಲಿಗೆಯ ಮೇಲೆ ಎಳೆದಾಡುತ್ತದೆ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಹೈಕ್ಕಿ ಕಲ್ಲಿಯೊ, ಬಾವೊರು ಯಾಂಗ್ ಅವರ ತಂಡ ವರ್ಷಗಟ್ಟಲೆ ಇದೇ ಹಣ್ಣಿನ ಸಕ್ಕರೆ, ಆಮ್ಲ, ಎಣ್ಣೆಗಳನ್ನು ಅಳೆದಿದೆ. ಅವರ ಕೆಲಸದಿಂದ ನಮ್ಮಂಥವರಿಗೆ ಉಪಯೋಗವಾಗುವ ಮಾತು ಇಷ್ಟು: ಯುರೋಪಿನ ಉಪಜಾತಿ ಹುಳಿ, ಚೀನಾದ್ದು ಇನ್ನೂ ಹುಳಿ, ವಿಟಮಿನ್ ಸಿ ಅದರಲ್ಲೇ ಜಾಸ್ತಿ. ಸೈಬೀರಿಯಾ ಮಂಗೋಲಿಯಾ ಮೂಲದ ರಷ್ಯನ್ ತಳಿಗಳು ಹುಳಿಯಲ್ಲಿ ಕಡಿಮೆ, ಸಕ್ಕರೆಯಲ್ಲಿ ಜಾಸ್ತಿ, ಹಣ್ಣೂ ದಪ್ಪ.

ಅಂಕಿ ಬೇಕಾದರೆ, ಯುರೋಪಿನದರಲ್ಲಿ ಬ್ರಿಕ್ಸನ್ನು ಆಮ್ಲದಿಂದ ಭಾಗಿಸಿದರೆ 2ರ ಸುತ್ತಮುತ್ತ ಬರುತ್ತದೆ. ಬ್ಲ್ಯಾಕ್‌ಕರಂಟಿನ ಅರ್ಧವೂ ಇಲ್ಲ! ರಷ್ಯನ್ ತಳಿಗಳಲ್ಲಿ ಅದು 5ರವರೆಗೂ ಹೋಗಬಹುದು. ಆಲ್ಟಾಯ್ ಪ್ರಾಂತ್ಯದ ಬರ್ನಾವುಲ್‌ನ ಲಿಸಾವೆಂಕೊ ಸಂಸ್ಥೆಯಿಂದ ಬಂದ ಚುಯ್‌ಸ್ಕಾಯಾ ಇದಕ್ಕೆ ಒಳ್ಳೆ ಉದಾಹರಣೆ, ತೊಟ್ಟೂ ಸ್ವಲ್ಪ ಉದ್ದ, ಮುಳ್ಳೂ ಕಡಿಮೆ. ಗಿಡದಿಂದ ಕಿತ್ತು ತಿನ್ನುವ ಆಸೆ ಇದ್ದರೆ ಇಂಥದ್ದೇ ಬೇಕು. ಫಿನ್‌ಲ್ಯಾಂಡಿನ ಟೆರ್ಹಿ, ಟ್ಯುಟ್ಟಿ, ಜರ್ಮನಿಯ ಲೈಕೋರಾ ಇವೆಲ್ಲ ಹುಳಿ ಕಡೆಯವು.

ಹಾಗಂತ ರಷ್ಯನ್ ತಳಿಯೇ ವಾಸಿ ಅಂತ ನಾನು ಹೇಳುವುದಿಲ್ಲ. ನಮ್ಮ ಅಡುಗೆಮನೆಗೆ ನಾನು ಹುಳಿ ತಳಿಯನ್ನೇ ಆರಿಸುತ್ತೇನೆ. ನಾವು ಹಣ್ಣನ್ನು ತಿನ್ನುವುದಕ್ಕಿಂತ ಹುಳಿಯನ್ನು ಅಡುಗೆಗೆ ಹಾಕುವ ಜನ. ಚಿತ್ರಾನ್ನಕ್ಕೆ ನಿಂಬೆರಸದ ಬದಲು, ಒಲೆಯಿಂದ ಇಳಿಸಿದ ಮೇಲೆ, ಎರಡು ಚಮಚ ಸೀ ಬಕ್‌ಥಾರ್ನ್ ರಸ ಹಿಂಡಿ ನೋಡಿ. ಇಂಗು, ಸಾಸಿವೆ, ಕರಿಬೇವಿನ ಜೊತೆ ಅದರ ವಾಸನೆ ಹೊಂದಿಕೊಳ್ಳುತ್ತದೆ. ರಷ್ಯನ್ ತಳಿಯ ರಸ ಹಾಕಿದರೆ ಅದೇ ಚಿತ್ರಾನ್ನ ಪೆದ್ದುಪೆದ್ದು. ಇನ್ನು ಗಟ್ಟಿ ಜ್ಯೂಸಿಗೂ ಅಷ್ಟೇ, ಹುಳಿ ತಳಿಯದನ್ನು ಜೇನು, ನೀರು ಬೆರೆಸಿ ಕುಡಿದರೆ ಎದ್ದು ನಿಲ್ಲುತ್ತದೆ. ರಸ ಹಿಂಡಿ ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನ ಮೇಲೆ ಎಣ್ಣೆ ಬೆರೆತ ಕಿತ್ತಳೆ ಕೆನೆ, ನಡುವೆ ತಿಳಿ, ಕೆಳಗೆ ಗಸಿ ಅಂತ ಮೂರು ಪದರ ಕಾಣುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ, ಅಲ್ಲಾಡಿಸಿ ಕುಡಿಯಿರಿ. ಕೆಟ್ಟು ಹೋಗುವುದು ಬೇರೆ ರೀತಿ: ಗಿಡದಲ್ಲೇ ತೀರಾ ಕಳಿತು ಹೋದರೆ ಹಳೇ ಬೆಣ್ಣೆಯ ಮುಗ್ಗಲು ವಾಸನೆ ಬರುತ್ತದೆ, ಅದಕ್ಕೆ ಯಾವ ತಳಿಯಾದರೂ ಒಂದೇ, ಬೇಗ ಕೀಳಬೇಕು. ಕೀಳುವುದು ಹೇಗೆ ಅಂತೀರಾ? ಕೊಂಬೆಯನ್ನೇ ಕತ್ತರಿಸಿ ಫ್ರೀಜರಿನಲ್ಲಿಟ್ಟು, ಹಣ್ಣು ಕಲ್ಲಾದ ಮೇಲೆ ಬಡಿದರೆ ಉದುರುತ್ತವೆ.

ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಟೆರ್ಹಿ ಒಂದನ್ನೇ ತಂದು ನೆಟ್ಟರೆ ವರ್ಷಗಟ್ಟಲೆ ಎಲೆ ನೋಡಿಕೊಂಡು ಕೂರಬೇಕು. ಜೊತೆಗೆ ಟಾರ್ಮೊ ಥರದ ಗಂಡು ತಳಿಯೂ ಇರಲಿ.

ಹ್ಯಾಸ್ಕಾಪ್

ಕೆನಡಾದ ಚಳಿ ಊರುಗಳಲ್ಲಿ ಇರುವವರಿಗೆ ಇದಕ್ಕಿಂತ ಸುಲಭದ ಗಿಡ ಇಲ್ಲ. ಹೂವು ಮೈನಸ್ 7 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಉದ್ದುದ್ದ ನೀಲಿ ಹಣ್ಣು, ಸಿಪ್ಪೆ ಬಾಯಲ್ಲಿ ಕರಗಿ ಹೋಗುತ್ತದೆ. ರುಚಿ ಬ್ಲೂಬೆರಿ ರಾಸ್ಪ್‌ಬೆರಿ ಎರಡೂ ಸೇರಿದ ಹಾಗೆ, ಜೊತೆಗೆ ಬ್ಲ್ಯಾಕ್‌ಕರಂಟಿನ ಚಿಟಿಕೆ.

ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ ಬಾಬ್ ಬೋರ್ಸ್ ರಷ್ಯಾ, ಕುರಿಲ್ ದ್ವೀಪ, ಜಪಾನಿನ ಹೊಕ್ಕೈಡೊ ಮೂಲದ ಗಿಡಗಳನ್ನು ಬೆರೆಸಿ ತಳಿ ಬೆಳೆಸಿದರು. ಅದಕ್ಕೂ ಮೊದಲು ಅಲಂಕಾರಕ್ಕೆ ಅಂತ ಮಾರುತ್ತಿದ್ದ ಹಳೇ ಗಿಡಗಳಲ್ಲಿ ಹುಳಿ, ಕಹಿ ಎರಡೂ ಜಾಸ್ತಿ. ಯಾರಾದರೂ "ಹ್ಯಾಸ್ಕಾಪ್ ತಿಂದೆ, ಚೆನ್ನಾಗಿಲ್ಲ" ಅಂದರೆ ಬಹುಶಃ ಅಂಥದ್ದೇ ತಿಂದಿರುತ್ತಾರೆ, ಇಲ್ಲಾ ಕಾಯಿ ತಿಂದಿರುತ್ತಾರೆ. ಕಾಯಿ ತಿನ್ನುವುದು ಇಲ್ಲಿ ಬಹಳ ಸುಲಭ! ಹಣ್ಣು ಮಾಗುವುದಕ್ಕೆ ಎರಡು ಮೂರು ವಾರ ಮೊದಲೇ ಹೊರಗೆ ಪೂರ್ತಿ ನೀಲಿ ಆಗಿಬಿಡುತ್ತದೆ. ಒಂದನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಹಸಿರು ಕಂಡರೆ ಬಿಡಿ, ಪೂರ್ತಿ ನೇರಳೆ ಕೆಂಪಾಗಿದ್ದರೆ ಕೀಳಿ. ಆ ಎರಡು ವಾರದಲ್ಲಿ ಆಗುವ ಬದಲಾವಣೆ ತಳಿ ಬದಲಾಯಿಸಿದಷ್ಟು.

ತಳಿಗಳಲ್ಲಿ ಟಂಡ್ರಾ ಗಟ್ಟಿ ಹಣ್ಣು, ಫ್ರೀಜರಿಗೂ ಸಾಗಣೆಗೂ ಸರಿ. ಬೊರಿಯಾಲಿಸ್ ಮೆತ್ತಗೆ, ಡಬ್ಬದಲ್ಲಿ ನಿಲ್ಲುವುದಿಲ್ಲ, ಮನೆ ಹಿತ್ತಲಿಗೆ ರುಚಿ ಚೆನ್ನ. ಅರೋರಾ ಸಿಹಿ ಕಡೆಗೆ ವಾಲುತ್ತದೆ. ಬೋರಿಯಲ್ ಬ್ಯೂಟಿ, ಬೋರಿಯಲ್ ಬೀಸ್ಟ್ ತಡವಾಗಿ ಬರುವ ಜೋಡಿ, ಒಂದಕ್ಕೊಂದು ಪರಾಗ ಕೊಡುತ್ತವೆ. ಒಂದೇ ತಳಿ ನೆಟ್ಟರೆ ಇದರಲ್ಲೂ ಹಣ್ಣು ಸಿಗುವುದು ಅಷ್ಟಕ್ಕಷ್ಟೆ.

ಸ್ಟ್ರಾಬೆರಿಯಲ್ಲಿ ಘಮ ನೋಡಿ

ಇಲ್ಲಿ ಸಕ್ಕರೆ ತಳಿಯಿಂದ ತಳಿಗೆ ಒಂದೆರಡು ಬ್ರಿಕ್ಸ್ ಹೆಚ್ಚುಕಡಿಮೆ, ಅಷ್ಟೇ. ಆಟ ಇರುವುದು ಹುಳಿಯಲ್ಲಿ, ಅದಕ್ಕಿಂತ ಜಾಸ್ತಿ ಘಮದಲ್ಲಿ. ಫಿನ್‌ಲ್ಯಾಂಡಿನ ಸಂತೆಗಳಲ್ಲಿ ಜುಲೈ ತಿಂಗಳು ಲೀಟರ್ ಲೆಕ್ಕದಲ್ಲಿ ಅಳೆದು ಕೊಡುವ ಸ್ಟ್ರಾಬೆರಿಗೆ ತಳಿಯ ಹೆಸರು ಬರೆದಿರುತ್ತಾರೆ. ಪೋಲ್ಕಾ ಅಂತ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಡಚ್ ತಳಿಯಾದರೂ ಇಲ್ಲಿನ ಬೇಸಿಗೆಗೆ ಒಗ್ಗಿಹೋಗಿದೆ, ಸಿಹಿ ಹುಳಿ ಸಮ, ಘಮ ತುಂಬಾ. ಹನಿಯೋಯ್ ನ್ಯೂಯಾರ್ಕಿನ ತಳಿ, ಬೇಗ ಬರುತ್ತದೆ, ಮಿರಿಮಿರಿ ಮಿಂಚುತ್ತದೆ, ಆದರೆ ಕೆಂಪಾದ ತಕ್ಷಣ ಕಿತ್ತರೆ ಹುಳಿ. ಗಾಢ ಕೆಂಪಾಗುವವರೆಗೂ ಗಿಡದಲ್ಲಿ ಬಿಡಬೇಕು. ಕಿತ್ತ ಮೇಲೆ ಬಣ್ಣ ಏರಬಹುದು, ಸಕ್ಕರೆ ಏರುವುದಿಲ್ಲ. ಸೆಂಗಾ ಸೆಂಗಾನಾ ಹಳೇ ಜರ್ಮನ್ ತಳಿ, ಒಳಗೂ ಕೆಂಪು, ಜಾಮಿಗೆ ಇದನ್ನು ಮೀರಿಸಿದ್ದು ಕಡಿಮೆ. ಆದರೆ ಮಳೆ ಹಿಡಿದರೆ ಬೂದು ಬೂಸ್ಟು ಮೊದಲು ಇದಕ್ಕೇ. ಎಲ್ಸಾಂಟಾ ಅಂಗಡಿಯ ಹಣ್ಣು, ಗಟ್ಟಿ, ಬಾಳಿಕೆ ಬರುತ್ತದೆ. ಸ್ವಂತ ಗಿಡ ಹಾಕುವವರಿಗೆ ಬಾಳಿಕೆ ಯಾಕೆ ಬೇಕು ಹೇಳಿ?

ಉಳಿದವು ಬೇಗ ಬೇಗ

ರಾಸ್ಪ್‌ಬೆರಿ: ಸ್ಕಾಟ್ಲೆಂಡಿನ ಗ್ಲೆನ್ ಆಂಪಲ್ ತಿನ್ನೋಕೆ, ನಾರ್ವೆಯ ವೆಟೆನ್ ಜಾಮಿಗೆ. ವೆಟೆನ್ ಹುಳಿ, ಬಣ್ಣ ಗಾಢ, ಹಾಗೇ ತಿಂದರೆ ಮುಖ ಕಿವುಚುತ್ತೀರಿ, ಸಕ್ಕರೆ ಹಾಕಿ ಕುದಿಸಿದರೆ ಅದರ ಮುಂದೆ ಗ್ಲೆನ್ ಆಂಪಲ್ ಮಂಕು.

ಬ್ಲೂಬೆರಿಯಲ್ಲಿ ಚಳಿ ತಡೆಯುವ ಗಿಡ್ಡ ತಳಿಗಳು ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಬಂದವು. ನಾರ್ತ್‌ಕಂಟ್ರಿ ಮೆದು ಸಿಹಿ, ನಾರ್ತ್‌ಬ್ಲೂ ಸ್ವಲ್ಪ ಹುಳಿ, ಪೊಲಾರಿಸ್‌ಗೆ ಘಮ ಇದೆ. ಕಾಡಿನ ಬಿಲ್‌ಬೆರಿಯ ರುಚಿ ಬೇಕು ಅಂದರೆ ಯಾವುದೂ ಕೊಡುವುದಿಲ್ಲ, ಬುಟ್ಟಿ ಹಿಡಿದು ಕಾಡಿಗೆ ಹೋಗಬೇಕಷ್ಟೆ. ಸಸ್ಕಾಟೂನ್ ಬೆರಿಯಲ್ಲಿ ಸ್ಮೋಕಿ ತಳಿ ಸಿಹಿ, ಹುಳಿ ಬಹಳ ಕಡಿಮೆ, ಬಾದಾಮಿ ಬೀಜದ ಘಮ. ನನಗದು ಸಪ್ಪೆ. ಥೀಸನ್ ದಪ್ಪ, ಸ್ವಲ್ಪ ಹುಳಿ ಹತ್ತುತ್ತದೆ, ಅದು ವಾಸಿ.

ಲಿಂಗನ್‌ಬೆರಿಯಲ್ಲಿ ಸಕ್ಕರೆ ತೀರಾ ಕಡಿಮೆ ಏನಿಲ್ಲ. ಆದರೆ ಹುಳಿ, ಒಗರು, ಕಹಿ ಮೂರೂ ಒಟ್ಟಿಗೆ ಬರುವುದರಿಂದ ಸಿಹಿ ಗೊತ್ತೇ ಆಗುವುದಿಲ್ಲ. ಸ್ವೀಡನ್ನಿನ ಸನ್ನಾ, ಸುಸ್ಸಿ, ಡಚ್ಚರ ಕೊರಾಲೆ ಇವು ಬೇಸಾಯದ ತಳಿಗಳು. ರುಚಿಯಲ್ಲಿ ಇವುಗಳ ನಡುವೆ ನನಗೆ ದೊಡ್ಡ ಫರಕು ಕಾಣಿಸಿಲ್ಲ, ಹಣ್ಣಿನ ಗಾತ್ರ, ಇಳುವರಿಯಲ್ಲಿ ಇದೆ. ಬೆನ್ಝೋಯಿಕ್ ಆಮ್ಲ ಹಣ್ಣಿನಲ್ಲೇ ಇರುವುದರಿಂದ ಸುಲಭಕ್ಕೆ ಕೆಡುವುದಿಲ್ಲ. ಸ್ವೀಡನ್ನಿನವರು ಸಕ್ಕರೆ ಹಾಕದೆ, ಕುದಿಸದೆ, ಬರೀ ನೀರಿನಲ್ಲಿ ಮುಳುಗಿಸಿ ಚಳಿಗಾಲಕ್ಕೆ ಇಡುತ್ತಿದ್ದರು. ನಮ್ಮವರು ಮಾಡಬೇಕಾದ್ದು ಗೊಜ್ಜು: ಬೆಲ್ಲ, ಒಣಮೆಣಸಿನಕಾಯಿ, ಉಪ್ಪು ಸ್ವಲ್ಪ ಮುಂದಾಗಿ, ಸಾಸಿವೆ ಒಗ್ಗರಣೆ. ಉಪ್ಪು ಬಿದ್ದ ಕೂಡಲೇ ಕಹಿ ತಗ್ಗುತ್ತದೆ. ಹುಣಸೆಹಣ್ಣೇ ಬೇಕಾಗುವುದಿಲ್ಲ.

ಹಾಗಾದರೆ ಯಾವುದು?

ಯಾವ ತಳಿಯೇ ತನ್ನಿ, ಮೋಡ ಕವಿದ ತಣ್ಣನೆ ಬೇಸಿಗೆಯಲ್ಲಿ ಸಕ್ಕರೆ ಇಳಿಯುತ್ತದೆ, ಹುಳಿ ಉಳಿಯುತ್ತದೆ. ನರ್ಸರಿ ಚೀಟಿಯ ಮೇಲಿನ "ಸಿಹಿ" ಅನ್ನುವ ಮಾತು ಒಳ್ಳೆ ಬಿಸಿಲಿನ ವರ್ಷದ್ದು ಅಂತಲೇ ಇಟ್ಟುಕೊಳ್ಳಿ. ಗಿಡ ಕೊಳ್ಳುವ ಮೊದಲು ಬೇಸಿಗೆಯಲ್ಲಿ ನಾವೇ ಕಿತ್ತುಕೊಳ್ಳುವ ತೋಟಗಳಿಗೆ ಹೋಗಿ ತಿಂದು ನೋಡಿ, ಸಾಲಿನ ತಳಿ ಯಾವುದು ಅಂತ ಕೇಳಿ ಬರೆದುಕೊಳ್ಳಿ. ಖುಷಿಯಿಂದ ಹೇಳುತ್ತಾರೆ.

ಮಕ್ಕಳಿದ್ದರೆ, ಗಿಡದಿಂದ ಬಾಯಿಗೆ ಅನ್ನುವ ಲೆಕ್ಕ ಇದ್ದರೆ ಪೋಲ್ಕಾ ಸ್ಟ್ರಾಬೆರಿ, ವೆರ್ಟಿ ಕರಂಟ್. ಕೆನಡಾದಲ್ಲಾದರೆ ಬೊರಿಯಾಲಿಸ್ ಜೊತೆಗೆ ಪರಾಗಕ್ಕೆ ಅರೋರಾ. ವರ್ಷವಿಡೀ ಜಾಮ್, ಶರಬತ್ತು ಮಾಡಿಡುವವರು ಹುಳಿಗೆ ಹೆದರಬೇಡಿ, ಓಯೆಬಿನ್ ಅಥವಾ ಬೆನ್ ಟಿರ್ರನ್ ತನ್ನಿ. ಆರೋಗ್ಯಕ್ಕೆ ಅಂತ ಅರೋನಿಯಾ ಹಾಕುವವರು ಮೊಸರಿನಲ್ಲಿ ಬೆರೆಸಿಕೊಳ್ಳಿ, ಇಲ್ಲಾ ಸೇಬಿನ ರಸದ ಜೊತೆ. ಒಂದೇ ಗಿಡಕ್ಕೆ ಜಾಗ ಇದೆ, ಎಲ್ಲಕ್ಕೂ ಆಗಬೇಕು ಅಂದರೆ ನಾನಂತೂ ಓಯೆಬಿನ್ ನೆಡುತ್ತೇನೆ. ಒಂದೇ ಇದ್ದರೂ ತನ್ನ ಪರಾಗದಲ್ಲೇ ಹಣ್ಣು ಕಚ್ಚುತ್ತದೆ. ಸೀ ಬಕ್‌ಥಾರ್ನ್, ಹ್ಯಾಸ್ಕಾಪ್ ಎರಡಕ್ಕೂ ಕನಿಷ್ಠ ಎರಡು ಗುಂಡಿ ತೋಡಲೇಬೇಕು.